ಕಾಫಿ ಕೈಗ್ರೈಂಡರ್ ಚೀನಾದಲ್ಲಿ ಮಾಡಿಸಿ ಚಿಕ್ಕಮಗಳೂರಿಗೆ ತರಿಸಿದರೆ ನಿಜವಾಗಿ ಅಗ್ಗ ಬೀಳುತ್ತಾ?

ನೀವು ಕೊಟ್ಟ ಅಂಕಿ ಇಷ್ಟು: ಪೀಣ್ಯದವರು ಗ್ರೈಂಡರ್ ಒಂದಕ್ಕೆ 1,150 ರೂಪಾಯಿ ಹೇಳಿದ್ದಾರೆ, ಚೀನಾದವರು 620, ಆದರೆ ಕನಿಷ್ಠ 500 ಪೀಸ್. ಈ 620 ಎಫ್‌ಒಬಿ ದರ, ಅಂದರೆ ಅಲ್ಲಿನ ಬಂದರಲ್ಲಿ ಹಡಗಿಗೆ ಹತ್ತಿಸುವವರೆಗಿನದು ಮಾತ್ರ. ನಿಮ್ಮ ಅಂಗಡಿಗೆ ಬಂದು ಇಳಿಯುವಷ್ಟರಲ್ಲಿ ಅದು 950ರ ಆಸುಪಾಸು ಆಗುತ್ತೆ ಅನ್ನೋದು ನನ್ನ ಲೆಕ್ಕ.

ಹಡಗು ಬಾಡಿಗೆ ಪೀಸ್‌ಗೆ 20, ವಿಮೆ 7 ಸೇರಿಸಿದರೆ 647. ಸುಂಕ ಬೀಳುವುದು ಇದರ ಮೇಲೆ. ದರ ನಿಮ್ಮ ಎಚ್‌ಎಸ್ ಕೋಡ್, ಅಂದರೆ ಕಸ್ಟಮ್ಸ್‌ನವರು ಸರಕನ್ನು ವಿಂಗಡಿಸುವ ಸಂಖ್ಯೆಯ ಮೇಲೆ ನಿಂತಿದೆ, ಕಸ್ಟಮ್ಸ್ ಏಜೆಂಟರ ಹತ್ತಿರ ಮೊದಲೇ ಖಚಿತ ಮಾಡಿಕೊಳ್ಳಿ. ಲೆಕ್ಕಕ್ಕೆ ಮೂಲ ಸುಂಕ 20% ಅಂತ ಇಟ್ಟುಕೊಳ್ಳೋಣ. ಅದರ ಮೇಲೆ ಹತ್ತರಲ್ಲಿ ಒಂದು ಭಾಗ ಸಮಾಜ ಕಲ್ಯಾಣ ಸರ್‌ಚಾರ್ಜ್, ಒಟ್ಟು 22%. ಅಲ್ಲಿಗೆ 789. ಕ್ಲಿಯರಿಂಗ್, ಗೋದಾಮು, ಡೆಲಿವರಿ ಆರ್ಡರ್ ಎಲ್ಲ ಸೇರಿ 60, ಲಾರಿ 10, ತಪಾಸಣೆ 24, ಕೆಟ್ಟ ಪೀಸ್‌ಗಳಿಗೆ 35, ಸಿಕ್ಕಿಹಾಕಿಕೊಂಡ ಹಣದ ಬಡ್ಡಿ 30. ಐಜಿಎಸ್‌ಟಿ, ಅಂದರೆ ಆಮದಿನ ಮೇಲಿನ ಜಿಎಸ್‌ಟಿ, 18% ಅಂತ ಹಿಡಿದರೆ 500 ಪೀಸ್‌ಗೂ ಸೇರಿ ಇನ್ನೂ 71,000 ಮೊದಲೇ ಕಟ್ಟಬೇಕು. ಜಿಎಸ್‌ಟಿ ನೋಂದಣಿ ಇದ್ದರೆ ಅದು ಕ್ರೆಡಿಟ್ ಆಗಿ ವಾಪಸ್ ಬರುತ್ತೆ, ಇಲ್ಲದಿದ್ದರೆ ಈ ಮಾತುಕತೆಯನ್ನೇ ಬಿಟ್ಟುಬಿಡಿ.

ಉಳಿಯೋದು ಪೀಸ್‌ಗೆ 200. ಅದೂ ಕಾಗದಪತ್ರ ಸರಿಯಿದ್ದರೆ. ಹಡಗು ಬರುವ ಹಿಂದಿನ ದಿನದೊಳಗೆ ಬಿಲ್ ಆಫ್ ಎಂಟ್ರಿ, ಅಂದರೆ ಕಸ್ಟಮ್ಸ್‌ಗೆ ಕೊಡುವ ಆಮದು ಘೋಷಣೆ, ಹಾಕಬೇಕು. ತಡವಾದರೆ ದಂಡ ಮೊದಲ ಮೂರು ದಿನ ದಿನಕ್ಕೆ 5,000, ಆಮೇಲೆ ದಿನಕ್ಕೆ 10,000. ಒಂದು ವಾರ ತಡವಾದರೆ 55,000, ಪೀಸ್‌ಗೆ 110. ಐಇಸಿ (ಆಮದು-ರಫ್ತು ಮಾಡುವವರ ಸಂಖ್ಯೆ) ಮತ್ತು ಬ್ಯಾಂಕಿನ ಎಡಿ ಕೋಡ್ (ವಿದೇಶಿ ಹಣ ಪಾವತಿಸುವ ಬ್ಯಾಂಕ್ ಶಾಖೆಯ ಸಂಖ್ಯೆ) ನೋಂದಣಿ ಆರ್ಡರ್ ಕೊಡುವ ಮೊದಲೇ ಮುಗಿಸಿಕೊಳ್ಳಿ. ಮರದ ಪ್ಯಾಲೆಟ್ ಬಳಸಿದರೆ ಮರಕ್ಕೆ ಕೀಟ ಇಲ್ಲದಂತೆ ಸಂಸ್ಕರಿಸಿದ್ದಾರೆ ಅಂತ ತೋರಿಸುವ ಐಎಸ್‌ಪಿಎಂ-15 ಮುದ್ರೆ ಇರಲೇಬೇಕು, ಇಲ್ಲದಿದ್ದರೆ ಸರಕು ಅಲ್ಲೇ ನಿಲ್ಲುತ್ತೆ.

ಮಂಗಳೂರು ಹತ್ತಿರ ತಾನೇ ಅಂತ ಎಲ್ಲರಿಗೂ ಅನ್ನಿಸುತ್ತೆ. ಆದರೆ ನಿಮ್ಮದು ಒಂದೂವರೆ ಘನ ಮೀಟರ್ ಬಿಡಿ ಸರಕು, ಪೂರ್ತಿ ಕಂಟೇನರ್ ಅಲ್ಲ. ಅಂಥದ್ದು ಹೆಚ್ಚಾಗಿ ಚೆನ್ನೈಗೆ ಬಂದು, ಬೆಂಗಳೂರು, ಹಾಸನದ ಮೇಲೆ ನಿಮಗೆ ಸೇರುತ್ತೆ. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿಯೋದು ನೆನಪಾದರೆ ಇದು ಒಂದು ರೀತಿ ಒಳ್ಳೆಯದೇ. ತಯಾರಿಗೆ 30-35 ದಿನ, ಸಮುದ್ರದಲ್ಲಿ ಮೂರ್ನಾಲ್ಕು ವಾರ, ಕ್ಲಿಯರೆನ್ಸ್‌ಗೆ ಒಂದು ವಾರ. ಏಪ್ರಿಲ್-ಮೇ ಪ್ರವಾಸಿಗರಿಗೆ ಅಂತ ಡಿಸೆಂಬರ್ ಕೊನೆಯಲ್ಲಿ ಆರ್ಡರ್ ಕೊಟ್ಟರೆ ಚೀನೀ ಹೊಸ ವರ್ಷದ ರಜೆಗೆ ಸಿಕ್ಕಿಬೀಳ್ತೀರಿ. ಅಕ್ಟೋಬರ್ ಮಧ್ಯದಲ್ಲೇ ಕೊಟ್ಟುಬಿಡಿ.

ನಿಜವಾಗಿ ಕೆಡೋದು ಬರ್, ಅಂದರೆ ಒಳಗಿನ ಅರೆಯುವ ಹಲ್ಲುಗಾಲಿ. ಹಿಡಿ ತೆಗೆದು ನಡುವಿನ ಶಾಫ್ಟನ್ನು ಬೆರಳಲ್ಲಿ ಅಲ್ಲಾಡಿಸಿ. ಅಲುಗಾಡಿದರೆ ಒಂದು ಕಡೆ ನುಣ್ಣಗೆ, ಇನ್ನೊಂದು ಕಡೆ ತರಿತರಿಯಾಗಿ ಬೀಳುತ್ತೆ. ನಮ್ಮ ಫಿಲ್ಟರ್‌ನಲ್ಲಿ ನುಣ್ಣನೆಯದು ತೂತು ಕಟ್ಟುತ್ತೆ, ತರಿಯಿಂದ ಡಿಕಾಕ್ಷನ್ ನೀರುನೀರು. ಆದ್ದರಿಂದ ಆರ್ಡರ್‌ನಲ್ಲೇ ಬರೆಸಿ: ಎಕ್ಯೂಎಲ್ (ಒಪ್ಪಬಹುದಾದ ದೋಷದ ಮಿತಿ) 2.5, 500ರಲ್ಲಿ 50 ಪೀಸ್ ತೆಗೆದು ನೋಡಬೇಕು, 4 ಅಥವಾ ಹೆಚ್ಚು ಕೆಟ್ಟಿದ್ದರೆ ಇಡೀ ಲಾಟ್ ವಾಪಸ್. ಮುಂಗಡ 30% ಬಿಟ್ಟು ಉಳಿದ 70% ಹಣ ಈ ತಪಾಸಣೆ ಮುಗಿದ ಮೇಲೇ. ಸರಕು ಹಡಗು ಹತ್ತಿದ ಮೇಲೆ ನಿಮ್ಮ ಮಾತಿಗೆ ಅಲ್ಲಿ ಬೆಲೆ ಇರಲ್ಲ.

ನಾನಾದರೆ ಇಡೀ ಗ್ರೈಂಡರ್ ತರಿಸಲ್ಲ. ಬರ್ ಸೆಟ್ ಮಾತ್ರ ಅಲ್ಲಿಂದ ತರಿಸ್ತೀನಿ, ಹಗುರ, ಕೊರಿಯರ್‌ನಲ್ಲೇ ಬರುತ್ತೆ. ಸ್ಟೀಲ್ ಮೈ, ಹಿಡಿ, ಡಬ್ಬ ಪೀಣ್ಯದಲ್ಲಿ 100ರ ಲಾಟಿನಲ್ಲಿ ಮಾಡಿಸಿದರೆ ಸಾಕು. ಇದಕ್ಕೆ ಬೆಲೆ ಎಷ್ಟು ಅಂತ ಪೀಣ್ಯದವರ ಹತ್ತಿರ ಬರ್ ಬಿಟ್ಟು ಪ್ರತ್ಯೇಕ ಕೊಟೇಶನ್ ಕೇಳಿ. 850 ಒಳಗೆ ಹೇಳಿದರೆ ಚೀನಾ ಲಾಟಿನ ಲೆಕ್ಕ ಅಲ್ಲೇ ಬದಿಗಿಡಿ.