ಪೆಟ್ರೋಸಿಯನ್ ಬರೀ ಡ್ರಾ ಆಟಗಾರರಾ?

"ಅರ್ಮೇನಿಯಾದ ಚೆಸ್ ಆಟಗಾರ ಟಿಗ್ರಾನ್ ಪೆಟ್ರೋಸಿಯನ್ ಆಟ ಬರೀ ಡ್ರಾ, ಅದರಲ್ಲಿ ಕಲಿಯೋಕೆ ಏನಿದೆ, ಯಾವ ಆಟ ನೋಡಲಿ?" ಅಂತ ಕೇಳಿದ್ದೀರಿ. ಡ್ರಾ ಜಾಸ್ತಿ ಇದ್ದದ್ದು ನಿಜ. ಆದರೆ ಅವರು ಸುಮ್ನೆ ಕೂತವರಲ್ಲ. ಎದುರಾಳಿಗೆ ಇನ್ನೂ ಹೊಳೆಯದ ದಾಳಿಯನ್ನು ಮೊದಲೇ ಮುಚ್ಚಿಬಿಡುತ್ತಿದ್ದರು. ದೇಶಗಳ ತಂಡಗಳು ಆಡುವ ಚೆಸ್ ಒಲಿಂಪಿಯಾಡ್‌ಗಳಲ್ಲಿ ಹತ್ತು ಸಲ ಆಡಿ ಸೋತದ್ದು ಒಂದೇ ಆಟ, 1972ರಲ್ಲಿ ಜರ್ಮನಿಯ ಹ್ಯೂಬ್ನರ್ ಎದುರು!

ಮೊದಲು 1953ರ ಜ್ಯೂರಿಕ್ ಟೂರ್ನಿಯ ಆಟ ನೋಡಿ. ಎದುರಿಗೆ ಅಮೆರಿಕದ ರೆಶೆವ್ಸ್ಕಿ, ಇವರದು ಕಪ್ಪು ಕಾಯಿ. 25ನೇ ನಡೆಯಲ್ಲಿ ಆನೆಯನ್ನು ಇ6 ಮನೆಗೆ ತಂದು, ಬಿಳಿಯ ಒಂಟೆ ಅದನ್ನು ಹೊಡೆಯಲಿ ಅಂತ ಬಿಡುತ್ತಾರೆ. ದಾಳಿಗಾಗಿ ಅಲ್ಲ, ತಮ್ಮ ಕುದುರೆ ಡಿ5ರಲ್ಲಿ ಗಟ್ಟಿಯಾಗಿ ಕೂರಲಿ ಅಂತ. ಅಲ್ಲಿಗೆ ಬಿಳಿಯ ಕಾಲಾಳುಗಳ ಓಟಕ್ಕೆ ತಡೆ ಬೀಳುತ್ತದೆ. ಕೊನೆಗೆ ಇದೂ ಡ್ರಾನೇ, ಆದರೆ ನನಗೆ ಎಷ್ಟೋ ಗೆಲುವುಗಳಿಗಿಂತ ಇದೇ ಇಷ್ಟ.

1963ರಲ್ಲಿ ಬೋಟ್ವಿನ್ನಿಕ್‌ರನ್ನು ಸೋಲಿಸಿ ವಿಶ್ವ ಚಾಂಪಿಯನ್ ಆದರು, 1969ರಲ್ಲಿ ಸ್ಪಾಸ್ಕಿಗೆ ಸೋತರು. ನಡುವೆ 1966ರಲ್ಲಿ ಅದೇ ಸ್ಪಾಸ್ಕಿ ಎದುರು ಪಟ್ಟ ಉಳಿಸಿಕೊಂಡರಲ್ವಾ, ಆ ಪಂದ್ಯದ 10ನೇ ಆಟ ತಪ್ಪಿಸಬೇಡಿ. 30ನೇ ನಡೆಯಲ್ಲಿ ರಾಣಿಯನ್ನೇ ಎಚ್8ರಲ್ಲಿಟ್ಟು ಚೆಕ್ ಕೊಡುತ್ತಾರೆ. ರಾಜ ಅದನ್ನು ಹೊಡೆದರೆ ಕುದುರೆ ಎಫ್7ಕ್ಕೆ ಹಾರಿ ರಾಜ, ರಾಣಿ ಇಬ್ಬರನ್ನೂ ಹಿಡಿಯುತ್ತದೆ. ಸ್ಪಾಸ್ಕಿ ಅಲ್ಲಿಗೇ ಸೋಲೊಪ್ಪಿಕೊಂಡರು.