ಹೋಗಲು ಐದೂವರೆ, ಬರಲು ಹದಿನೈದೂವರೆ ಗಂಟೆಯೇ?

ಪ್ರಶ್ನೆ: ಜನವರಿಯಲ್ಲಿ ಅಮ್ಮ ಲಂಡನ್ನಿನಲ್ಲಿರುವ ತಂಗಿಯ ಮನೆಗೆ ಹೊರಟಿದ್ದಾರೆ. ನೇರ ವಿಮಾನ. ಟಿಕೆಟ್ಟಿನಲ್ಲಿ ಬೆಂಗಳೂರು ಬಿಡುವುದು ಬೆಳಿಗ್ಗೆ 7.00, ಲಂಡನ್ ತಲುಪುವುದು ಮಧ್ಯಾಹ್ನ 12.30 ಎಂದಿದೆ. ವಾಪಸು ಬರುವಾಗ ರಾತ್ರಿ 8.30ಕ್ಕೆ ಬಿಟ್ಟು ಮಾರನೆಯ ಮಧ್ಯಾಹ್ನ 12.00ಕ್ಕೆ ಬೆಂಗಳೂರು. ಇಷ್ಟು ವ್ಯತ್ಯಾಸ ಹೇಗೆ? ದೂರ ಎಷ್ಟು?
– ಓದುಗರು, ಶಿವಮೊಗ್ಗ

ಉತ್ತರ: ಟಿಕೆಟ್ಟಿನಲ್ಲಿ ಯಾವಾಗಲೂ ಆಯಾ ಊರಿನ ಗಡಿಯಾರದ ಸಮಯವನ್ನೇ ಹಾಕುತ್ತಾರೆ. ಚಳಿಗಾಲದಲ್ಲಿ ಲಂಡನ್ ನಮಗಿಂತ ಐದೂವರೆ ಗಂಟೆ ಹಿಂದೆ. ಎರಡೂ ಸಮಯವನ್ನು ನಮ್ಮ ಗಡಿಯಾರಕ್ಕೆ ತಂದುಕೊಂಡು ಕಳೆಯಿರಿ. ಲಂಡನ್ನಿನ 12.30 ಎಂದರೆ ನಮ್ಮ ಸಂಜೆ 6.00, ಅಲ್ಲಿಗೆ ಪ್ರಯಾಣ 11 ಗಂಟೆ. ಬರುವಾಗ ಅಲ್ಲಿನ ರಾತ್ರಿ 8.30 ನಮಗೆ ನಡುರಾತ್ರಿ ಕಳೆದು 2.00, ಮಧ್ಯಾಹ್ನ 12ಕ್ಕೆ ಇಳಿದರೆ 10 ಗಂಟೆ. ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಬ್ರಿಟನ್ನಿನವರು ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ಆಗ ನಾಲ್ಕೂವರೆ ಗಂಟೆ ಸೇರಿಸಬೇಕು. ಅಮ್ಮನ ವಾಪಸು ಪ್ರಯಾಣ ಏಪ್ರಿಲ್‌ಗೆ ಹೋದರೆ ಹಳೆಯ ಲೆಕ್ಕ ಕೈಕೊಡುತ್ತದೆ.

ಉಳಿದ ಒಂದು ಗಂಟೆಯ ವ್ಯತ್ಯಾಸ ಗಾಳಿಯದು. ಹತ್ತು-ಹನ್ನೆರಡು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬಿರುಸಾದ ಗಾಳಿ ಬೀಸುತ್ತಿರುತ್ತದೆ, ಚಳಿಗಾಲದಲ್ಲಂತೂ ಇನ್ನೂ ಜೋರು. ಹೋಗುವಾಗ ಅದು ಎದುರುಗಾಳಿ, ಬರುವಾಗ ಬೆನ್ನಿಗೆ.

ಇನ್ನು ದೂರ. ಭೂಮಿಯ ಮೇಲೆ ಅತಿ ಹತ್ತಿರದ ದಾರಿ ಹಿಡಿದರೆ ಸುಮಾರು 8,040 ಕಿ.ಮೀ. ಗೋಡೆಯ ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆದರೆ ಈ ದಾರಿ ಸಿಗುವುದಿಲ್ಲ. ಮಕ್ಕಳ ಗ್ಲೋಬ್ ತೆಗೆದುಕೊಂಡು ಎರಡೂ ಊರಿನ ಮೇಲೆ ದಾರವನ್ನು ಬಿಗಿಯಾಗಿ ಹಿಡಿಯಿರಿ. ದಾರ ಕರಾಚಿಯ ಪಕ್ಕದಲ್ಲೇ ಹಾದು, ಇರಾನ್ ಮತ್ತು ಕ್ಯಾಸ್ಪಿಯನ್ ಸಮುದ್ರದ ದಕ್ಷಿಣ ಭಾಗ ದಾಟಿ, ಕ್ರಿಮಿಯಾ, ಉಕ್ರೇನ್, ಪೋಲೆಂಡ್ ಮೇಲೆ ಹೋಗುತ್ತದೆ. ತೊಂದರೆ ಇರುವುದೇ ಅಲ್ಲಿ. 2022ರ ಫೆಬ್ರುವರಿಯಲ್ಲಿ ಯುದ್ಧ ಶುರುವಾದಾಗ ಉಕ್ರೇನಿನ ಆಕಾಶ ಮುಚ್ಚಿತು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ಭಾರತೀಯ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿತು. ಇಂಥ ಕಡೆ ಬಳಸಿ ಹೋಗಬೇಕಾದಾಗ ದೂರ ಬೆಳೆಯುತ್ತದೆ. ಒಂದೇ ಮಾರ್ಗದಲ್ಲಿ ಭಾರತೀಯ ಸಂಸ್ಥೆಯ ವಿಮಾನಕ್ಕೂ ವಿದೇಶಿ ಸಂಸ್ಥೆಯದಕ್ಕೂ ಅವಧಿ ಬೇರೆ ಕಂಡರೆ ಇದೂ ಒಂದು ಕಾರಣ.

ಅಂದಾಜಿಗೆ ಹೀಗೆ ಮಾಡಿ: 300 ಕಿ.ಮೀ. ಸುತ್ತು ಸೇರಿಸಿ 8,340 ಎಂದುಕೊಳ್ಳಿ. ವಿಮಾನದ ವೇಗ ಗಂಟೆಗೆ 900 ಕಿ.ಮೀ., ಎದುರುಗಾಳಿಗೆ 60 ಕಳೆದರೆ 840. ಭಾಗಿಸಿದರೆ ಹತ್ತು ಗಂಟೆಗೆ ತುಸು ಕಡಿಮೆ. ರನ್‌ವೇವರೆಗೆ ಉರುಳುವುದು, ಮೇಲೇರುವುದು, ಇಳಿಯುವ ಸರದಿಗೆ ಕಾಯುವುದು ಎಲ್ಲ ಸೇರಿ ಮುಕ್ಕಾಲು ಗಂಟೆ. ಟಿಕೆಟ್ಟಿನ 11 ಗಂಟೆಯಲ್ಲಿ ಇವೆಲ್ಲ ಸೇರಿವೆ. ಜಾಲತಾಣಗಳು ಬರೀ ಕಿಲೋಮೀಟರನ್ನು ವೇಗದಿಂದ ಭಾಗಿಸಿ 'ಒಂಬತ್ತು ಗಂಟೆ' ಎಂದು ತೋರಿಸಿದರೆ ನಂಬಬೇಡಿ.

ಟಿಕೆಟ್ಟಿನಲ್ಲಿ ತಲುಪುವ ಸಮಯದ ಪಕ್ಕ '+1' ಇದ್ದರೆ ಮರುದಿನ ಎಂದರ್ಥ. 20ರ ರಾತ್ರಿ ಲಂಡನ್ ಬಿಟ್ಟವರಿಗೆ ಶಿವಮೊಗ್ಗದ ಟ್ಯಾಕ್ಸಿ 21ಕ್ಕೆ ಹೇಳಬೇಕು. ಇಲ್ಲಿ ಎಡವುವವರು ಬಹಳ. ಅಮ್ಮ ಸಕ್ಕರೆ ಕಾಯಿಲೆಯ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ಎರಡನ್ನೂ ಹೇಳಬೇಕು: ಹನ್ನೊಂದು ಗಂಟೆಯ ಪ್ರಯಾಣ, ಗಡಿಯಾರದ ಐದೂವರೆ ಗಂಟೆಯ ವ್ಯತ್ಯಾಸ.