1,800 ಮಕ್ಕಳ ಶಾಲೆಗೆ ನನ್ನ ಮಾತಾಡದ ಹುಡುಗಿಯನ್ನು ಹೇಗೆ ಕಳಿಸಲಿ?

ಅಕ್ಕಾ, ನಮಸ್ಕಾರ. ನಾವು ಮಿಲ್ಟನ್ ಕೀನ್ಸ್‌ಗೆ ಬಂದು ಒಂಬತ್ತು ವರ್ಷ ಆಯಿತು. ಊರು ತುಮಕೂರು. ಮಗಳಿಗೆ 10 ವರ್ಷ, ಇಯರ್ 6, ಅಂದರೆ ಪ್ರೈಮರಿಯ ಕೊನೆಯ ವರ್ಷ. ಈಗಿನ ಪ್ರೈಮರಿ ಶಾಲೆ ಚಿಕ್ಕದು, ಒಟ್ಟು 210 ಮಕ್ಕಳು. ಮನೆಯಲ್ಲಿ ಕನ್ನಡದಲ್ಲಿ ಪಟಪಟ ಮಾತಾಡುತ್ತಾಳೆ, ಹೊರಗೆ ಹೋದರೆ ಬಾಯಿ ಬಿಡುವುದಿಲ್ಲ. ಎರಡು ವರ್ಷ ಟ್ಯೂಷನ್ ಕೊಡಿಸಿ ಬಕಿಂಗ್‌ಹ್ಯಾಮ್‌ಶೈರ್‌ನ ಇಲೆವೆನ್ ಪ್ಲಸ್ ಬರೆಸಿದೆವು, ಅದರಲ್ಲಿ ಪಾಸಾದವರಿಗೆ ಮಾತ್ರ ಗ್ರಾಮರ್ ಸ್ಕೂಲ್‌ನಲ್ಲಿ ಸೀಟು. ಮೊನ್ನೆ ಫಲಿತಾಂಶ ಬಂತು. 121 ಬೇಕಿತ್ತು, 117 ಬಂದಿದೆ. ಇನ್ನು ಉಳಿದದ್ದು ನಮ್ಮ ಕ್ಯಾಚ್‌ಮೆಂಟ್‌ನ, ಅಂದರೆ ನಮ್ಮ ಮನೆಯ ಸುತ್ತಿನ ಪ್ರದೇಶಕ್ಕೆ ಗೊತ್ತುಮಾಡಿದ ಸರ್ಕಾರಿ ಸೆಕೆಂಡರಿ ಶಾಲೆ. ಅಲ್ಲಿ 1,800 ಮಕ್ಕಳು! ಓಪನ್ ಈವ್ನಿಂಗ್‌ಗೆ ಹೋದಾಗ ಆ ಜನಜಂಗುಳಿ ನೋಡಿ ನನಗೇ ಎದೆ ಡವಡವ ಅಂದಿತು. ಯಜಮಾನರು "ಪ್ರೈವೇಟ್‌ಗೆ ಹಾಕೋಣ, ತುಮಕೂರಿನ ಸೈಟು ಮಾರೋಣ" ಅಂತಾರೆ. ಫೀಸು ವರ್ಷಕ್ಕೆ 20,000 ಪೌಂಡ್ ದಾಟುತ್ತದೆ. ಈ ಮಾತು ನಡೆದಾಗ ಮಗಳು ಅಲ್ಲೇ ಸೋಫಾ ಮೇಲೆ ಕೂತಿದ್ದಳು. ಅತ್ತೆ ಫೋನಿನಲ್ಲಿ "ಇಂಗ್ಲೆಂಡಿಗೆ ಹೋಗಿ ಸರ್ಕಾರಿ ಶಾಲೆಗೆ ಸೇರಿಸ್ತೀರಾ?" ಅಂದರು. ಮಗಳನ್ನು ಕೇಳಿದರೆ "ನಿಮ್ಮಿಷ್ಟ" ಅನ್ನುತ್ತಾಳೆ, ಅಷ್ಟೇ. ಸೆಕೆಂಡರಿ ಸೀಟಿಗೆ ಕೌನ್ಸಿಲ್‌ಗೆ ಕಳಿಸುವ ಫಾರ್ಮ್‌ಗೆ ಅಕ್ಟೋಬರ್ 31 ಕೊನೆ ದಿನ. ರಾತ್ರಿ ನಿದ್ದೆ ಇಲ್ಲ. ಏನು ಮಾಡಲಿ ಅಕ್ಕಾ?
ಒಬ್ಬ ತಾಯಿ, ಮಿಲ್ಟನ್ ಕೀನ್ಸ್

ಪ್ರೀತಿಯ ತಂಗಿ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡು ಸಲವೂ ಆ "ನಿಮ್ಮಿಷ್ಟ" ಅನ್ನುವ ಮಾತಿನ ಹತ್ತಿರ ಬಂದು ನಿಂತೆ. ಅದರ ಬಗ್ಗೆ ಹೇಳುವುದಿದೆ. ಮೊದಲು ಫಾರ್ಮ್ ವಿಷಯ ಮುಗಿಸಿಬಿಡೋಣ, ಅದಕ್ಕೆ ದಿನ ಕಮ್ಮಿ ಇದೆ.

ಪ್ರೈವೇಟ್ ಶಾಲೆಗೆ ಪರೀಕ್ಷೆ ಬರೆಸುತ್ತೀರಿ ಎಂದೇ ಇಟ್ಟುಕೊಳ್ಳಿ. ಆಗಲೂ ಕೌನ್ಸಿಲ್ ಫಾರ್ಮ್ ತುಂಬಲೇಬೇಕು. ಒಂದು ಇನ್ನೊಂದಕ್ಕೆ ಅಡ್ಡ ಬರುವುದಿಲ್ಲ. 31 ದಾಟಿ ಕಳಿಸಿದರೆ ಮಾತ್ರ ಹೊತ್ತಿಗೆ ಸರಿಯಾಗಿ ಕಳಿಸಿದವರೆಲ್ಲರ ಹಿಂದೆ ನಿಲ್ಲುತ್ತೀರಿ. ಫಾರ್ಮ್‌ನಲ್ಲಿ ಎಷ್ಟು ಶಾಲೆ ಬರೆಯಲು ಜಾಗ ಇದೆಯೋ ಅಷ್ಟನ್ನೂ ತುಂಬಿ. ಇಂಗ್ಲೆಂಡ್‌ನಲ್ಲಿ ಎಲ್ಲ ಕಡೆ ಕನಿಷ್ಠ 3 ಇರುತ್ತದೆ. ನಮ್ಮವರು ಬಹಳ ಮಂದಿ "ಒಂದೇ ಬರೆದರೆ ಆ ಶಾಲೆಯವರು ಕೊಡಲೇಬೇಕಾಗುತ್ತದೆ" ಎಂದು ನಂಬಿದ್ದಾರೆ. ಅದು ತಪ್ಪು. ನೀವು ಯಾವುದನ್ನು ಮೊದಲು ಬರೆದಿರಿ, ಯಾವುದನ್ನು ಮೂರನೆಯದಾಗಿ ಬರೆದಿರಿ ಎಂದು ಶಾಲೆಗೆ ತಿಳಿಯುವುದೇ ಇಲ್ಲ. ಅಣ್ಣ ಅಕ್ಕ ಅಲ್ಲಿ ಓದುತ್ತಿದ್ದಾರಾ, ಕ್ಯಾಚ್‌ಮೆಂಟ್ ಒಳಗಿದ್ದೀರಾ, ಮನೆ ಎಷ್ಟು ದೂರ, ಹೀಗೆ ಆ ಶಾಲೆಯ ನಿಯಮದ ಪ್ರಕಾರ ಪ್ರತಿ ಶಾಲೆಗೂ ಬೇರೆ ಬೇರೆ ಪಟ್ಟಿ ಆಗುತ್ತದೆ. ಎರಡು ಮೂರು ಕಡೆ ಸೀಟು ಬರುವಂತಿದ್ದರೆ ನೀವು ಮೇಲೆ ಬರೆದದ್ದನ್ನು ಕೌನ್ಸಿಲ್ ಕೊಡುತ್ತದೆ. ಎಲ್ಲೂ ಬರದಿದ್ದರೆ ಸೀಟು ಖಾಲಿ ಇರುವ ಬೇರೆ ಶಾಲೆ, ಅದು ಊರಿನ ಇನ್ನೊಂದು ತುದಿಯಲ್ಲೂ ಇರಬಹುದು. ಹಾಗಾಗಿ ಕ್ಯಾಚ್‌ಮೆಂಟ್ ಶಾಲೆಯ ಹೆಸರು ಆ ಪಟ್ಟಿಯಲ್ಲಿ ಎಲ್ಲಾದರೂ ಇರಲೇಬೇಕು. ಉತ್ತರ ಮಾರ್ಚ್ 1ಕ್ಕೆ ಬರುತ್ತದೆ.

ಎಲ್ಲಿ ಇರಬೇಕು ಅಂದರೆ, ನನ್ನನ್ನು ಕೇಳಿದರೆ ಮೊದಲ ಸಾಲಿನಲ್ಲಿ. ಯಾಕೆ ಎಂದು ಹೇಳುತ್ತೇನೆ.

ಅತ್ತೆಯವರ ಮಾತಿನಿಂದ ಶುರು ಮಾಡೋಣ. ಅವರ ಮೇಲೆ ಬೇಸರ ಬೇಡ. "ಸರ್ಕಾರಿ ಶಾಲೆ" ಅಂದ ಕೂಡಲೇ ಅವರ ಕಣ್ಣ ಮುಂದೆ ಬರುವ ಚಿತ್ರವೇ ಬೇರೆ. ಅಲ್ಲಿ ಕೈಲಾದವರೆಲ್ಲ ಮಕ್ಕಳನ್ನು ಬಿಡಿಸಿಕೊಂಡು ಕಾನ್ವೆಂಟಿಗೆ ಹಾಕಿದ್ದನ್ನು ಕಂಡವರು ಅವರು. ಇಲ್ಲಿ ಹಾಗಲ್ಲ. ಇಂಗ್ಲೆಂಡಿನಲ್ಲಿ 100ರಲ್ಲಿ ಸುಮಾರು 93 ಮಕ್ಕಳು ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲೇ ಓದುತ್ತಾರೆ. ಡಾಕ್ಟರ ಮಕ್ಕಳು, ಬಸ್ ಡ್ರೈವರ್ ಮಕ್ಕಳು, ಆ ಶಾಲೆಯ ಮೇಷ್ಟರ ಮಕ್ಕಳು, ಎಲ್ಲರೂ. ನೀವು ಆಸೆಪಟ್ಟ ಗ್ರಾಮರ್ ಸ್ಕೂಲ್ ಕೂಡ ಸರ್ಕಾರಿ ಶಾಲೆಯೇ ಅಲ್ವಾ? ಇಡೀ ಇಂಗ್ಲೆಂಡಿನಲ್ಲಿ ಅವು ಇರುವುದು 163. ನಿಮ್ಮ ಊರಲ್ಲಿ ಒಂದೂ ಇಲ್ಲ. ಅತ್ತೆಗೆ ಇದನ್ನು ನೀವು ಹೇಳುವುದಕ್ಕಿಂತ ನಿಮ್ಮ ಯಜಮಾನರು ಹೇಳಿದರೆ ಚೆನ್ನ.

ಇನ್ನು ಆ 1,800. ನನಗೆ ನಿಮ್ಮ ಭಯ ಗೊತ್ತು, ಯಾಕೆಂದರೆ ನನ್ನ ಮಗನನ್ನೂ ಇಂಥದ್ದೇ ಶಾಲೆಗೆ ಕಳಿಸಿದೆ. ಅವನೂ ಮಾತು ಕಮ್ಮಿ. ಇಯರ್ 7ರ ಮೊದಲ ಆರು ವಾರ ಅವನು ಮಧ್ಯಾಹ್ನ ಊಟವನ್ನೇ ಮಾಡುತ್ತಿರಲಿಲ್ಲ. ಕ್ಯಾಂಟೀನಿನ ಗದ್ದಲದಲ್ಲಿ ಯಾರ ಪಕ್ಕ ಕೂರಬೇಕು ಎಂದು ಗೊತ್ತಾಗದೆ ಹೊರಗೆ ಸುತ್ತುತ್ತಿದ್ದ. ಡಬ್ಬಿಯ ಚಿತ್ರಾನ್ನ ಹಾಗೇ ವಾಪಸ್ ಬರುತ್ತಿತ್ತು. "ಹಸಿವಿರಲಿಲ್ಲ" ಅಂದ. ನಾನು ನಂಬಿದೆ. ಶಾಲೆಯಲ್ಲಿ ಒಬ್ಬರೂ ಗಮನಿಸಲಿಲ್ಲ. ಆ ಆರು ವಾರಕ್ಕೆ ನನಗೆ ಈಗಲೂ ಸಂಕಟ ಆಗುತ್ತದೆ. ಕೊನೆಗೆ ಅವನನ್ನು ಕಂಡುಹಿಡಿದದ್ದು ಲೈಬ್ರರಿಯಲ್ಲಿದ್ದ ಒಬ್ಬ ಹೆಂಗಸು. ಮಳೆ ಬಂದ ದಿನ ಬಾಗಿಲಲ್ಲಿ ನಿಂತಿದ್ದವನನ್ನು ಒಳಗೆ ಕರೆದು, ಪುಸ್ತಕ ಜೋಡಿಸುವ ಕೆಲಸ ಕೊಟ್ಟರು. ಅವನ ಫಾರ್ಮ್ ಟ್ಯೂಟರ್‌ಗೆ, ಅಂದರೆ ಕ್ಲಾಸ್ ಟೀಚರ್‌ಗೆ, ಹೇಳಿದರು. ಟ್ಯೂಟರ್ ಅದೇ ಸಂಜೆ ನನಗೆ ಫೋನ್ ಮಾಡಿದರು. ಲೈಬ್ರರಿಯಲ್ಲಿ ಅವನ ಹಾಗೇ ಗದ್ದಲಕ್ಕೆ ಹೆದರಿ ಬಂದ ಇನ್ನಿಬ್ಬರು ಹುಡುಗರಿದ್ದರು, ಚೆಸ್ ಆಡುತ್ತಿದ್ದರು. ಆ ಇಬ್ಬರೂ ಈಗಲೂ ನಮ್ಮ ಮನೆಗೆ ಬಂದರೆ ಚಿತ್ರಾನ್ನ ಕೇಳುತ್ತಾರೆ.

ಆ ಆರು ವಾರ ನನಗೆ ಒಂದು ಪ್ರಶ್ನೆ ಕಲಿಸಿತು: ನನ್ನ ಮಗು ಒಂದು ದಿನ ಊಟ ಬಿಟ್ಟರೆ ಇಲ್ಲಿ ಯಾರಿಗೆ ಗೊತ್ತಾಗುತ್ತದೆ? ಇದನ್ನು 200 ಮಕ್ಕಳ ಶಾಲೆಯಲ್ಲೂ ಕೇಳಬೇಕು, 1,800 ಮಕ್ಕಳ ಶಾಲೆಯಲ್ಲೂ ಕೇಳಬೇಕು. ಚೆನ್ನಾಗಿ ನಡೆಯುವ ದೊಡ್ಡ ಶಾಲೆ ಒಳಗಡೆ ಚಿಕ್ಕ ಚಿಕ್ಕದಾಗಿ ಒಡೆದುಕೊಂಡಿರುತ್ತದೆ. ನಿಮ್ಮ ಮಗಳು ದಿನ ಶುರು ಮಾಡುವುದು ತನ್ನ ಫಾರ್ಮ್‌ನ (ಇಲ್ಲಿ ಕ್ಲಾಸಿಗೆ ಹೀಗೆ ಅನ್ನುತ್ತಾರೆ) 30 ಮಕ್ಕಳ ಜೊತೆ. ಅವರಿಗೊಬ್ಬ ಟ್ಯೂಟರ್. ಇಡೀ ಇಯರ್ 7ಕ್ಕೆ ಒಬ್ಬ ಹೆಡ್ ಆಫ್ ಇಯರ್. ಎಷ್ಟೋ ಶಾಲೆಗಳಲ್ಲಿ ಇಯರ್ 7ಕ್ಕೆ ಊಟದ ಹೊತ್ತೂ ಬೇರೆ. ಇದೆಲ್ಲ ಕಾಗದದ ಮೇಲೆ ಎಲ್ಲ ಕಡೆಯೂ ಇರುತ್ತದೆ. ನಿಜವಾಗಿ ನಡೆಯುತ್ತದಾ ಎಂದು ನೀವು ಹೋಗಿ ನೋಡಬೇಕು.

ಓಪನ್ ಈವ್ನಿಂಗ್‌ನಲ್ಲಿ ಅದು ಕಾಣುವುದಿಲ್ಲ. ಅವತ್ತು ಸೈನ್ಸ್ ಲ್ಯಾಬ್‌ನಲ್ಲಿ ಬಣ್ಣದ ಬೆಂಕಿ, ಹಾಲ್‌ನಲ್ಲಿ ಹೆಡ್ ಟೀಚರ್ ಭಾಷಣ, ಕಾರಿಡಾರ್ ತುಂಬ ನಮ್ಮಂಥ ತಂದೆತಾಯಿ. ನೀವು ಹೆದರಿದ ಜನಜಂಗುಳಿಯಲ್ಲಿ ಅರ್ಧ ಜನ ಅಪ್ಪ ಅಮ್ಮಂದಿರೇ. ಕೆಲಸದ ದಿನ ಹೋಗಬೇಕು. ಆಫೀಸಿಗೆ ಫೋನ್ ಮಾಡಿ, "ಮಾಮೂಲಿ ದಿನ ಒಂದು ಸಲ ನೋಡಬಹುದಾ" ಎಂದು ಕೇಳಿ. ಅಕ್ಟೋಬರ್ ಕೊನೆಗೆ ಹಾಫ್ ಟರ್ಮ್ ರಜೆ ಬಂದುಬಿಡುತ್ತದೆ, ಆದ್ದರಿಂದ ನಾಳೆಯೇ ಮಾಡಿ. ಬೆಲ್ ಹೊಡೆದು ಮಕ್ಕಳು ತರಗತಿ ಬದಲಾಯಿಸುವ ಹೊತ್ತಿಗೆ ಕಾರಿಡಾರ್‌ನಲ್ಲಿ ನಿಲ್ಲಿ. ಟೀಚರ್‌ಗಳು ಬಾಗಿಲಲ್ಲಿ ನಿಂತು ಮಕ್ಕಳನ್ನು ಹೆಸರು ಹಿಡಿದು ಕರೆಯುತ್ತಾರಾ, ಇಲ್ಲ ಬರೀ ಕೂಗುತ್ತಾರಾ? ಊಟದ ಹೊತ್ತಿಗೆ ಲೈಬ್ರರಿ ತೆಗೆದಿರುತ್ತದಾ? ಟ್ಯೂಟರ್ ವರ್ಷ ವರ್ಷ ಬದಲಾಗುತ್ತಾರಾ? ಮ್ಯಾಥ್ಸ್ ಮತ್ತು ಫಿಸಿಕ್ಸ್ ಟೀಚರ್ ಸಿಗುವುದು ಈ ದೇಶದಲ್ಲಿ ಕಷ್ಟವಾಗಿದೆ, ಹಾಗಾಗಿ ಯಾರಾದರೂ ಬಿಟ್ಟುಹೋದಾಗ ಬದಲಿಗೆ ಬರುವ ಸಪ್ಲೈ ಟೀಚರ್ ಎಷ್ಟು ದಿನ ಪಾಠ ಮಾಡಿದರು ಎಂದು ಸಂಕೋಚ ಬಿಟ್ಟು ಕೇಳಿ. ನಿಮ್ಮನ್ನು ಸುತ್ತಾಡಿಸುವ ಮಕ್ಕಳನ್ನು ಟಾಯ್ಲೆಟ್ ಬಗ್ಗೆ ಕೇಳಿ. ಅಲ್ಲಿ ದೊಡ್ಡ ಮಕ್ಕಳು ಕಾಟ ಕೊಡುತ್ತಾರೆ ಎಂದು ದಿನವಿಡೀ ನೀರೇ ಕುಡಿಯದ ಮಕ್ಕಳಿದ್ದಾರೆ. ಈ ವಿಷಯದಲ್ಲಿ ಮಕ್ಕಳು ಸುಳ್ಳು ಹೇಳುವುದಿಲ್ಲ.

ಶಾಲೆಗಳ ತಪಾಸಣೆ ಮಾಡುವ ಆಫ್‌ಸ್ಟೆಡ್‌ನ ವರದಿ ಓದಿ, ಆದರೆ ಗೇಟಿನ ಬ್ಯಾನರ್‌ನಲ್ಲಿರುವ "ಔಟ್‌ಸ್ಟ್ಯಾಂಡಿಂಗ್" ಅನ್ನುವ ಪದ ನೋಡಿ ತೀರ್ಮಾನ ಮಾಡಬೇಡಿ. ಒಂದೇ ಪದದಲ್ಲಿ ಇಡೀ ಶಾಲೆಗೆ ಅಂಕ ಕೊಡುವುದನ್ನು ಸೆಪ್ಟೆಂಬರ್ 2024ರಲ್ಲಿ ಬಿಟ್ಟರು. ಅದಕ್ಕೂ ಮೊದಲು, 2012ರಿಂದ 2020ರ ತನಕ, ಆ ಪದ ಸಿಕ್ಕ ಶಾಲೆಗಳಿಗೆ ಮಾಮೂಲಿ ತಪಾಸಣೆಯೇ ಇರಲಿಲ್ಲ. ಹಾಗಾಗಿ ವರದಿಯ ದಿನಾಂಕ ಮೊದಲು ನೋಡಿ.

ನಿಮ್ಮ ಶಾಲೆ ಇಷ್ಟು ದೊಡ್ಡದಾಗಿರುವುದರಿಂದ ನಿಮ್ಮ ಮಗಳಂಥವಳಿಗೇ ಒಂದು ಒಳ್ಳೆಯದಿದೆ. ಈಗ ಅವಳ ವರ್ಷದಲ್ಲಿ ಇರುವುದೇ 30 ಮಕ್ಕಳು. ಅದರಲ್ಲಿ ಮನಸ್ಸಿಗೆ ಹೊಂದುವವರು ಸಿಗದಿದ್ದರೆ ಏಳು ವರ್ಷ ಹಾಗೇ ಕಳೆಯಬೇಕು. ಅಲ್ಲಿ ಒಂದೊಂದು ಇಯರ್‌ನಲ್ಲಿ 300 ಇರಬಹುದು. ಅವಳ ಹಾಗೆ ಮೆಲ್ಲಗೆ ಮಾತಾಡುವವರು, ಅವಳು ಓದುವ ಪುಸ್ತಕವನ್ನೇ ಓದುವವರು ನಾಲ್ಕು ಜನ ಇದ್ದೇ ಇರುತ್ತಾರೆ. ಮ್ಯಾಥ್ಸ್‌ಗೆ ಮಕ್ಕಳನ್ನು ಮಟ್ಟಕ್ಕೆ ತಕ್ಕ ಹಾಗೆ ಸೆಟ್ ಮಾಡುವ ಶಾಲೆಯಾದರೆ ಅವಳ ವೇಗಕ್ಕೆ ತಕ್ಕ ತರಗತಿಯೂ ಸಿಗುತ್ತದೆ. 16ರ ವಯಸ್ಸಿನ ಜಿಸಿಎಸ್‌ಇ ಪರೀಕ್ಷೆಗೆ ಬಂದಾಗ ಡ್ರಾಮಾ, ಮ್ಯೂಸಿಕ್, ಕಂಪ್ಯೂಟರ್ ಸೈನ್ಸ್ ಎಂದು ಆರಿಸಿಕೊಳ್ಳುವ ವಿಷಯಗಳೂ ದೊಡ್ಡ ಶಾಲೆಯಲ್ಲಿ ಜಾಸ್ತಿ.

ಯಜಮಾನರ ವಿಷಯ. ಸೈಟು ಮಾರಲು ಸಿದ್ಧವಾಗಿರುವ ಅಪ್ಪನ ಪ್ರೀತಿಯನ್ನು ನಾನು ಸಣ್ಣದು ಮಾಡುವುದಿಲ್ಲ. ಆದರೆ ಲೆಕ್ಕ ಒಂದು ಸಲ ಕೂತು ಹಾಕಿ. ಇಯರ್ 7ರಿಂದ 13ರ ತನಕ ಏಳು ವರ್ಷ. ನೀವು ಹೇಳುವ ಫೀಸಿನಲ್ಲಿ 1,40,000 ಪೌಂಡ್ ದಾಟಿತು. ಜನವರಿ 2025ರಿಂದ ಪ್ರೈವೇಟ್ ಫೀಸಿನ ಮೇಲೆ 20% ವ್ಯಾಟ್ ಇದೆ. ಫೀಸು ಬಹುಪಾಲು ವರ್ಷ ವರ್ಷ ಏರುತ್ತದೆ. ಯೂನಿಫಾರ್ಮ್, ಶಾಲೆಯ ಬಸ್ಸು, ಟ್ರಿಪ್ ಬೇರೆ. ನಡುವೆ ಕೆಲಸಕ್ಕೆ ಏನಾದರೂ ಆದರೆ ಇಯರ್ 9ರಲ್ಲಿ ಬಿಡಿಸಬೇಕಾಗುತ್ತದೆ. ಗೆಳೆಯರ ಗುಂಪುಗಳೆಲ್ಲ ಆಗಿಹೋದ ಮೇಲೆ ಹೊಸ ಶಾಲೆಗೆ ಹೋಗುವುದು ಮಾತು ಕಮ್ಮಿ ಇರುವ ಮಗುವಿಗೆ 1,800ಕ್ಕಿಂತ ಕಷ್ಟ. ಆ ಪ್ರೈವೇಟ್ ಶಾಲೆಯಲ್ಲಿ ಅವಳಿಗೇ ಬೇಕಾದದ್ದು ಏನೋ ಇದೆ, ದುಡ್ಡಿಗೂ ತೊಂದರೆ ಇಲ್ಲ ಎಂದಾದರೆ ಖಂಡಿತ ಹಾಕಿ. 117 ಬಂತು ಎಂಬ ಗಾಬರಿಯಲ್ಲಿ ಮಾತ್ರ ಸೈಟು ಮಾರಬೇಡಿ.

ಈಗ "ನಿಮ್ಮಿಷ್ಟ"ಕ್ಕೆ ಬರುತ್ತೇನೆ.

ಆ ಮಾತು ನಡೆದಾಗ ಮಗಳು ಸೋಫಾ ಮೇಲೆ ಇದ್ದಳು ಎಂದು ನೀವೇ ಬರೆದಿದ್ದೀರಿ. ಅವಳು ಕೇಳಿಸಿಕೊಂಡದ್ದು ಏನು ಎಂದು ಯೋಚಿಸಿ. ನನಗೆ ನಾಲ್ಕು ಅಂಕ ಕಮ್ಮಿ ಬಂತು, ಅದಕ್ಕೆ ಅಪ್ಪ ಸೈಟು ಮಾರಬೇಕು. ಹತ್ತು ವರ್ಷದ ಮಗು ಅದನ್ನು ಹೊತ್ತುಕೊಂಡು ಓಡಾಡುತ್ತಿದೆ. ಯಾವ ಶಾಲೆ ಬೇಕು ಎಂದು ಬಾಯಿ ಬಿಟ್ಟು ಹೇಳುವ ಹಕ್ಕು ತನಗಿಲ್ಲ ಅಂದುಕೊಂಡಿದ್ದಾಳೆ. ಇದು ನನ್ನ ಊಹೆ, ತಪ್ಪಿದ್ದರೆ ಸಂತೋಷ. ಆದರೆ ಅವಳು ಹೊರಗಿನವರ ಮುಂದೆ ಸುಮ್ಮನಿರುವ ಹುಡುಗಿ, ನಿಮ್ಮ ಮುಂದೆ ಪಟಪಟ ಮಾತಾಡುವವಳು. ಈಗ ನಿಮ್ಮ ಮುಂದೆಯೂ ಸುಮ್ಮನಾಗಿದ್ದಾಳೆ. ಶಾಲೆಯ ಗಾತ್ರಕ್ಕಿಂತ ನನಗೆ ಇದೇ ಹೆಚ್ಚು ಚಿಂತೆ.

ಈ ವಾರವೇ ಅವಳ ಅಪ್ಪ ಅವಳ ಜೊತೆ ಕೂತು ಮಾತಾಡಲಿ. ನೀವಲ್ಲ, ಅವರೇ. "ಎರಡು ವರ್ಷ ಎಷ್ಟು ಕಷ್ಟಪಟ್ಟೆ ಎಂದು ನಾನು ನೋಡಿದ್ದೇನೆ ಪುಟ್ಟಾ. ಸೈಟಿಗೂ ನಿನ್ನ ಪರೀಕ್ಷೆಗೂ ಸಂಬಂಧ ಇಲ್ಲ" ಎಂದು ಅವರ ಬಾಯಿಂದ ಬರಲಿ. 117 ಬಂದ ಮಗು ದಡ್ಡಿ ಅಲ್ಲ. ಸೆಪ್ಟೆಂಬರಿನ ಒಂದು ದಿನ ಕೆಲವೇ ಪ್ರಶ್ನೆ ಕೈತಪ್ಪಿವೆ, ಅಷ್ಟೇ. ಇನ್ನು ಆ ಟ್ಯೂಷನ್ ಪುಸ್ತಕಗಳನ್ನು ಅವಳ ಮೇಜಿನಿಂದ ತೆಗೆದುಬಿಡಿ.

ಆಮೇಲೆ ಅವಳ ಈಗಿನ ಟೀಚರ್ ಜೊತೆ ಮಾತಾಡಿ. ಮುಂದಿನ ವರ್ಷ ಸೆಕೆಂಡರಿ ಶಾಲೆಯವರು ಮಕ್ಕಳ ಬಗ್ಗೆ ಕೇಳುವುದು ಅವರನ್ನೇ. ಯಾವ ಗೆಳತಿಯ ಜೊತೆ ಒಂದೇ ಫಾರ್ಮ್‌ನಲ್ಲಿ ಹಾಕಬೇಕು ಎಂದೂ ಬಹಳ ಶಾಲೆಗಳು ಕೇಳುತ್ತವೆ. ಇವಳಿಗೆ ಆ ಒಂದು ಹೆಸರು ಯಾವುದು ಎಂದು ಈಗಲೇ ತಿಳಿದುಕೊಳ್ಳಿ. ಮಕ್ಕಳು ಹೊಸ ಶಾಲೆ ನೋಡಿಬರುವ ಜುಲೈನ ಟ್ರಾನ್ಸಿಷನ್ ದಿನದ ಜೊತೆಗೆ, ಹೆದರುವ ಮಕ್ಕಳಿಗೆ ಒಂದೆರಡು ಸಲ ಜಾಸ್ತಿ ಬಂದು ಹೋಗಲು ಬಿಡುತ್ತಾರಾ ಎಂದೂ ಕೇಳಿ. ಕೇಳಿದವರಿಗೆ ಸಾಮಾನ್ಯವಾಗಿ ಬಿಡುತ್ತಾರೆ, ನಮ್ಮವರು ಕೇಳುವುದೇ ಇಲ್ಲ.

ನಿಮ್ಮ ಊರಿನಲ್ಲಿ ಕಾರಿನ ಭಯವಿಲ್ಲದೆ ಮಕ್ಕಳು ನಡೆಯುವ ಆ ಕೆಂಪು ರೆಡ್‌ವೇ ಇದೆಯಲ್ಲ. ಈ ಶನಿವಾರ ಅವಳೊಬ್ಬಳನ್ನೇ ಕರೆದುಕೊಂಡು ಮನೆಯಿಂದ ಆ ಶಾಲೆಯ ಗೇಟಿನ ತನಕ ನಡೆಯಿರಿ. ಯಾವ ಅಂಡರ್‌ಪಾಸ್‌ನಲ್ಲಿ ತಿರುಗಬೇಕು ಎಂದು ಅವಳೇ ಹೇಳಲಿ, ಎಷ್ಟು ನಿಮಿಷ ಆಯಿತು ಎಂದು ಅವಳೇ ಎಣಿಸಲಿ. ನೀವು ಏನೂ ಕೇಳಬೇಡಿ. ವಾಪಸ್ ಬರುವಾಗ ಅವಳು ಕನ್ನಡದಲ್ಲಿ ಏನು ಹೇಳುತ್ತಾಳೋ ಕೇಳಿಸಿಕೊಳ್ಳಿ. ಫಾರ್ಮ್ ಅವತ್ತು ರಾತ್ರಿ ತುಂಬಿದರೆ ಆಯಿತು.